ಒಂದೇ ಹಳಿಯ ಮೇಲೆ ಎಂತಹ ಪೈಪೋಟಿ?

ಪೈಪೋಟಿ ಎಂಬುದು ನಮ್ಮ ಬಂಡವಾಳಗಾರ ಮಹನೀಯರ ತಾರಕ ಮಂತ್ರ. ಯಾವ ರೋಗಕ್ಕೂ ಅವರ ಬಳಿ ಅದೊಂದೇ ಕಷಾಯ. ಆಸ್ಪತ್ರೆ ಸರಿಯಿಲ್ಲವೇ? ಪೈಪೋಟಿ ಬರಲಿ. ಶಾಲೆ ಸರಿಯಿಲ್ಲವೇ? ಪೈಪೋಟಿ ಬರಲಿ. ಈಗ ರೈಲಿನ ಸರದಿ. ದೂರದ ಊರುಗಳಿಗೆ ಓಡುವ ಬಂಡಿಗಳನ್ನು ನಾಲ್ಕಾರು ಕಂಪೆನಿಗಳಿಗೆ ಹಂಚಿಕೊಟ್ಟರೆ ಅವು ಒಂದರ ಮೇಲೊಂದು ಬಿದ್ದು ಗಿರಾಕಿಯನ್ನು ಕರೆಯುವುವಂತೆ, ದರ ಇಳಿಯುವುದಂತೆ, ಬಂಡಿ ಹೊತ್ತಿಗೆ ಸರಿಯಾಗಿ ಬರುವುದಂತೆ, ಪಾಯಿಖಾನೆ ಕೂಡ ಶುಚಿಯಾಗುವುದಂತೆ!

ಈ ಮಾತಿಗೆ ತಲೆದೂಗುವವರು ನಮ್ಮೊಳಗೂ ಇದ್ದಾರೆ. ಅವರನ್ನು ದೂರಿ ಫಲವಿಲ್ಲ. ಗಣೇಶ ಚೌತಿಗೆ ಮುಂಬಯಿಯಿಂದ ಊರಿಗೆ ಬರಬೇಕಾದ ಹೋಟೆಲು ಕೆಲಸಗಾರನು ಎರಡು ತಿಂಗಳು ಮುಂಚಿತವಾಗಿ ಟಿಕೇಟಿಗೆ ಕೈಹಾಕಿದರೂ ಅವನಿಗೆ ಸಿಗುವುದು ವೇಟಿಂಗ್ ಲಿಸ್ಟಿನ ಒಂದು ಅಂಕೆ ಮಾತ್ರ. ಸಾಮಾನ್ಯ ಡಬ್ಬಿಯಲ್ಲಿ ಕಾಲೂರಲು ಸ್ಥಳವಿಲ್ಲ. ನಿಟ್ಟೆಯಿಂದ ಹೊರಟವನು ಬೆಳ್ಮಣ್ಣು, ನಂದಿಕೂರು ದಾಟಿ ಪಡುಬಿದ್ರಿಗೋ, ಇತ್ತ ಉಡುಪಿಯ ಇಂದ್ರಾಳಿಗೋ ಗಂಟು ಹೊತ್ತುಕೊಂಡು ಹೋಗಬೇಕು. ಕಾರ್ಕಳ ಪೇಟೆಗೆ ಇಂದಿಗೂ ರೈಲಿನ ಸಿಳ್ಳು ಕೇಳಿಸಿಲ್ಲ. ಇಷ್ಟೆಲ್ಲ ಬವಣೆಪಟ್ಟವನಿಗೆ ಯಾರಾದರೂ ಬಂದು, “ಖಾಸಗಿಯವರಿಗೆ ಕೊಟ್ಟರೆ ಎಲ್ಲ ಸರಿಯಾಗುತ್ತದೆ” ಎಂದರೆ ಆಸೆ ಹುಟ್ಟುವುದು ಸಹಜವೇ.

ಆದರೆ ರೋಗ ನಿಜವೆಂದ ಮಾತ್ರಕ್ಕೆ ಮದ್ದೂ ನಿಜವಾಗಬೇಕೆಂದಿಲ್ಲ. ಆದುದರಿಂದ ಗಿರಣಿಯ ಸಂಗಾತಿಗಳೂ ಅಂಗಡಿಯ ಸಂಗಾತಿಗಳೂ ಒಂದರ್ಧ ಗಂಟೆ ತಾಳ್ಮೆಯಿಂದ ಈ ಪೈಪೋಟಿಯ ಲೆಕ್ಕವನ್ನು ನನ್ನೊಡನೆ ಕೂಡಿಸಿ ಕಳೆದು ನೋಡಬೇಕೆಂದು ಬಿನ್ನವಿಸುತ್ತೇನೆ.

ಹುತ್ತ ಕಟ್ಟಿದವರು ಯಾರು?

ಮೊದಲನೆಯದಾಗಿ, ನಮ್ಮ ಮನೆಬಾಗಿಲಿನ ಕೊಂಕಣ ರೈಲ್ವೆಯನ್ನೇ ತೆಗೆದುಕೊಳ್ಳೋಣ. ರೋಹಾದಿಂದ ತೋಕೂರಿನವರೆಗೆ 741 ಕಿಲೋಮೀಟರು. ಅಡಿಗಡಿಗೆ ಹೊಳೆ, ಅಳಿವೆ, ಗುಡ್ಡ. ತೊಂಬತ್ತಕ್ಕೂ ಹೆಚ್ಚು ಸುರಂಗಗಳು. ಬ್ರಿಟಿಷರ ಕಾಲದ ಕಂಪೆನಿಗಳು ಈ ಕರಾವಳಿಯನ್ನು ಕಣ್ಣೆತ್ತಿ ನೋಡಿದರೂ ಕೈಹಚ್ಚಲಿಲ್ಲ. ಏಕೆ? ಲಾಭ ಕಾಣಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಾಲ್ಕು ದಶಕಗಳ ಕಾಲ ಯಾವ ಸೇಠನೂ, ಯಾವ ಕಂಪೆನಿಯೂ “ನಾನು ಕಟ್ಟುತ್ತೇನೆ” ಎಂದು ಮುಂದೆ ಬರಲಿಲ್ಲ.

ಮಂಗಳೂರಿನಲ್ಲಿ ಹುಟ್ಟಿ, ಮುಂಬಯಿಯ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿ, 1974ರ ಮೇ ತಿಂಗಳಲ್ಲಿ ರೈಲ್ವೆ ಕಾರ್ಮಿಕರ ಮಹಾ ಮುಷ್ಕರವನ್ನು ನಡೆಸಿದ ಸಮಾಜವಾದಿ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಯಾಗಿದ್ದಾಗ, 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮವು ಸ್ಥಾಪನೆಯಾಯಿತು. ಅದರ ಪಾಲು ಬಂಡವಾಳವನ್ನು ಹಾಕಿದವರು ಕೇಂದ್ರ ಸರಕಾರ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 — ಹೀಗೆ ನೂರಕ್ಕೆ ನೂರೂ ಜನರ ಹಣ. ಮಿಕ್ಕದ್ದು ಸರಕಾರದ ಹೆಸರಿನ ಬಲದ ಮೇಲೆ ಎತ್ತಿದ ಬಾಂಡು ಸಾಲ. ಶ್ರೀಧರನ್ ಅವರ ಮುಂದಾಳುತನದಲ್ಲಿ ಸಾವಿರಾರು ಜನ ಕೂಲಿಗಳು ಬಂಡೆ ಒಡೆದರು, ಜಾರುವ ಮಣ್ಣಿನಲ್ಲಿ ಸುರಂಗ ಕೊರೆದರು. ಕೆಲಸದಲ್ಲಿ ಮಡಿದವರ ನೆನಪಿಗೆ ರತ್ನಾಗಿರಿಯಲ್ಲಿ ಸ್ಮಾರಕ ನಿಂತಿದೆ. 1993ರಲ್ಲಿ ಮಂಗಳೂರು–ಉಡುಪಿ ನಡುವೆ ಬಂಡಿ ಓಡಿತು. 1998ರ ಜನವರಿ 26ರಂದು ಇಡೀ ದಾರಿ ತೆರೆಯಿತು. ಅದೇ ವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸು ಮುಂಬಯಿಯ ದಾರಿ ಹಿಡಿಯಿತು.

ಈ ದಾರಿಯ ಸಾಲ ತೀರಿಸಿದವರು ಯಾರು? ನಾವು, ನೀವು. ಕೊಂಕಣ ಮಾರ್ಗದಲ್ಲಿ ನೆಲದ ಮೇಲಿನ ದೂರಕ್ಕಿಂತ ಹೆಚ್ಚಿನ ಕಿಲೋಮೀಟರುಗಳನ್ನು ಲೆಕ್ಕ ಹಿಡಿದು ದರ ಕಟ್ಟುವ ಪದ್ಧತಿಯನ್ನು ಮಾಡಿದರು. ಹೋಟೆಲು ಮಾಣಿಯೂ, ಮೀನಿನ ವ್ಯಾಪಾರಿಯೂ ಪ್ರತಿ ಸಲ ಪ್ರಯಾಣ ಮಾಡಿದಾಗಲೂ ಓಡದ ದೂರಕ್ಕೂ ಹಣ ತೆತ್ತಿದ್ದಾರೆ. ಕಲ್ಲು ಒಡೆದವರು ದುಡಿಮೆಗಾರರು, ಸಾಲ ಕಟ್ಟಿದವರು ಪ್ರಯಾಣಿಕರು. ಈಗ ಹಳಿ ಸಿದ್ಧವಾಗಿದೆ, 2022ರಲ್ಲಿ ವಿದ್ಯುತ್ತಿನ ತಂತಿಯೂ ಪೂರ್ತಿ ಬಂದಿದೆ. ಇನ್ನು ಬಂಡಿ ಓಡಿಸುವ ಸುಖವನ್ನು ಮಾತ್ರ ಕಂಪೆನಿಗೆ ಕೊಡಬೇಕಂತೆ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿದ ಗಾದೆಗೆ ಇದಕ್ಕಿಂತ ಬೇರೆ ಅರ್ಥ ಹುಡುಕಬೇಕಿಲ್ಲ.

ಶಾಲೆಯ ಲೆಕ್ಕ

ಕಾರ್ಕಳದ ಪೇಟೆಯಲ್ಲಿ ಎದುರುಬದುರು ಎರಡು ಅಂಗಡಿಗಳಿದ್ದರೆ ಅದು ಪೈಪೋಟಿ. ಒಬ್ಬನ ಅಕ್ಕಿಯಲ್ಲಿ ಕಲ್ಲು ಹೆಚ್ಚಾದರೆ ಗಿರಾಕಿ ಇನ್ನೊಬ್ಬನಲ್ಲಿಗೆ ಹೋಗುತ್ತಾನೆ. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ರೈಲು ಅಂಗಡಿಯಂತೆ ಅಲ್ಲ. ಅದು ಹಳಿಯ ಮೇಲೆ ಓಡುವ ಬಂಡಿ, ಹಳಿಯೋ ಒಂದೇ.

ಶಾಲೆಯ ಗಣಿತದ ಪುಸ್ತಕದಲ್ಲಿ ಎರಡು ರೈಲುಗಳು ಎದುರುಬದುರಾಗಿ ಬರುವ ಲೆಕ್ಕವೊಂದು ಇದ್ದೇ ಇರುತ್ತದೆ. ಅಲ್ಲಿ ಅವು ಸುಖವಾಗಿ ದಾಟಿಹೋಗುತ್ತವೆ, ಏಕೆಂದರೆ ಪುಸ್ತಕದಲ್ಲಿ ಜೋಡಿ ಹಳಿಯಿದೆ. ಕೊಂಕಣ ಮಾರ್ಗದಲ್ಲಿ ಉತ್ತರದ ರೋಹಾ–ವೀರ್ ನಡುವಿನ ತುಂಡೊಂದು 2021ರಲ್ಲಿ ಜೋಡಿ ಹಳಿಯಾಯಿತು. ನಮ್ಮ ಉಡುಪಿ, ಕುಂದಾಪುರದ ಕಡೆ ಒಂಟಿ ಹಳಿ. ಒಂಟಿ ಹಳಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹೊತ್ತಿಗೆ ಒಂದೇ ಬಂಡಿ ಇರಬಹುದು. ಆ ತುಂಡನ್ನು ದಾಟಲು ಒಂದು ಬಂಡಿಗೆ 15 ನಿಮಿಷ ಬೇಕೆಂದು ಹಿಡಿಯಿರಿ. ಗಂಟೆಗೆ 4, ದಿನಕ್ಕೆ 96. ಅದೂ ಹೋಗುವವು ಬರುವವು ಎರಡೂ ಸೇರಿ, ಅದೂ ಕಾಗದದ ಮೇಲೆ! ಹಳಿಯ ದುರಸ್ತಿಗೆ ಬಿಡುವು ಕೊಡಬೇಕು, ಒಂದು ಬಂಡಿ ಬದಿಯ ಹಳಿಗೆ ಸರಿದು ಇನ್ನೊಂದಕ್ಕೆ ದಾರಿ ಬಿಡಬೇಕು, ಗೂಡ್ಸು ಗಾಡಿ ಹೋಗಬೇಕು, ಸುರತ್ಕಲ್ಲಿನಿಂದ ಲಾರಿಗಳನ್ನು ಹೊತ್ತ ರೋ-ರೋ ಬಂಡಿಯೂ ಹೋಗಬೇಕು. ಮಳೆಗಾಲದಲ್ಲಿ ವೇಗ ತಗ್ಗಿಸಬೇಕು. ಇದೆಲ್ಲ ಕಳೆದು ಉಳಿಯುವ ಸಂಖ್ಯೆ ಎಷ್ಟೆಂದು ಐದನೆಯ ತರಗತಿಯ ಹುಡುಗನೂ ಊಹಿಸಬಲ್ಲ.

ಈ ಇಕ್ಕಟ್ಟಿನಲ್ಲಿ ಹೊಸ ಕಂಪೆನಿಯ ಬಂಡಿಯೊಂದು ಬಂದರೆ ಅದಕ್ಕೆ ಜಾಗ ಎಲ್ಲಿಂದ ಬರುತ್ತದೆ? ಹಳಿ ರಬ್ಬರಿನಂತೆ ಹಿಗ್ಗುವುದಿಲ್ಲ. ಯಾವುದೋ ಒಂದು ಬಂಡಿ ಬದಿಗೆ ಸರಿಯಲೇಬೇಕು. ದುಬಾರಿ ದರದ ಕಂಪೆನಿಯ ಬಂಡಿ, ತಡವಾದರೆ ಕರಾರಿನಂತೆ ದಂಡ ಕೇಳುವ ಬಂಡಿ, ಬದಿಗೆ ಸರಿಯುತ್ತದೆಯೇ? ಸರಿಯುವುದು ಹತ್ತು ರೂಪಾಯಿ ಟಿಕೇಟಿನ ಪ್ಯಾಸೆಂಜರು. ಬಾರ್ಕೂರಿನಲ್ಲೋ ಸೇನಾಪುರದಲ್ಲೋ ಅರ್ಧ ಗಂಟೆ ನಿಂತು ಬೆವರುವವನು ಕೂಲಿ, ವಿದ್ಯಾರ್ಥಿ, ಬುಟ್ಟಿ ಹೊತ್ತ ಹೆಂಗಸು. ಒಂದೇ ಹಳಿಯ ಮೇಲೆ ಪೈಪೋಟಿ ಎಂದರೆ ಹಣವಂತನ ಹೊತ್ತಿಗೂ ಬಡವನ ಹೊತ್ತಿಗೂ ನಡುವಿನ ಪೈಪೋಟಿ. ಅದರಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಬರೆದಾಗಿದೆ.

ಪೈಪೋಟಿ ಬೇಡವೆಂದ ಪೈಪೋಟಿಗಾರರು

ಇದು ಬರಿಯ ಅಂಜಿಕೆ ಎಂದು ಯಾರಾದರೂ ಹೇಳಬಹುದು. 2020ರ ಜುಲೈ 1ರಂದು, ಕೊರೋನಾದ ದಿಗ್ಬಂಧನದಲ್ಲಿ ದೇಶವೇ ಮುಸುಕು ಹಾಕಿಕೊಂಡು ಕೂತಿದ್ದಾಗ, ರೈಲ್ವೆ ಮಂತ್ರಾಲಯವು ಹೊರಡಿಸಿದ ಪ್ರಕಟಣೆಯನ್ನು ನೆನಪಿಸಿಕೊಳ್ಳಿರಿ. 109 ಜೋಡಿ ಮಾರ್ಗಗಳಲ್ಲಿ 151 ಆಧುನಿಕ ರೈಲುಗಳನ್ನು ಖಾಸಗಿಯವರು ಓಡಿಸಬೇಕು. 30,000 ಕೋಟಿ ರೂಪಾಯಿ ಬಂಡವಾಳ ಹರಿದುಬರುತ್ತದೆ. ಕರಾರು 35 ವರ್ಷ. ದೇಶವನ್ನು ಹನ್ನೆರಡು ಗೊಂಚಲುಗಳಾಗಿ ವಿಂಗಡಿಸಿದ್ದರು, ಬೆಂಗಳೂರೂ ಅವುಗಳಲ್ಲೊಂದು. ದರವನ್ನು ಕಂಪೆನಿಯೇ ನಿರ್ಧರಿಸಬಹುದು. ಚಾಲಕನೂ ಗಾರ್ಡೂ ರೈಲ್ವೆಯವರು, ಹಳಿ ರೈಲ್ವೆಯದು, ಸಿಗ್ನಲು ರೈಲ್ವೆಯದು, ನಿಲ್ದಾಣ ರೈಲ್ವೆಯದು.

ಈ ಯೋಜನೆಯಲ್ಲಿ ಅಡಗಿದ್ದ ಒಂದು ಷರತ್ತನ್ನು ಕೇಳಿರಿ. ಖಾಸಗಿ ಬಂಡಿ ಹೊರಡುವ ಹೊತ್ತಿನ ಆಚೀಚೆ 60 ನಿಮಿಷಗಳೊಳಗೆ ಅದೇ ಊರಿನಿಂದ ಅದೇ ಊರಿಗೆ ಅಂತಹದೇ ಇನ್ನೊಂದು ಬಂಡಿಯನ್ನು ರೈಲ್ವೆಯು ಹೊರಡಿಸಬಾರದು! ಇದೆಂತಹ ಪೈಪೋಟಿ, ಸಂಗಾತಿಗಳೇ? ಕುಸ್ತಿಯ ಕಣಕ್ಕಿಳಿಯುವ ಜಟ್ಟಿಯು “ಎದುರಾಳಿಯ ಕೈಕಟ್ಟಿ ಕೂರಿಸಿದರೆ ಮಾತ್ರ ನಾನು ಹೋರಾಡುತ್ತೇನೆ” ಎಂದಂತಾಯಿತು. ಪೈಪೋಟಿಯ ಹೆಸರು ಹೇಳಿ ಬಂದವರಿಗೆ ಬೇಕಾದದ್ದು ಏಕಸ್ವಾಮ್ಯದ ಒಂದು ಗಂಟೆ.

ಇಷ್ಟು ಓಲೈಸಿದರೂ ಆದದ್ದೇನು? ಮೊದಲ ಸುತ್ತಿನಲ್ಲಿ 15 ಕಂಪೆನಿಗಳು 120 ಅರ್ಜಿ ಹಾಕಿದವು. ಪತ್ರಿಕೆಗಳು ಜಯಘೋಷ ಮಾಡಿದವು. 2021ರ ಜುಲೈಯಲ್ಲಿ ಹಣದ ಟೆಂಡರು ತೆರೆದಾಗ ನಿಂತವರು ಇಬ್ಬರೇ. ಆ ಇಬ್ಬರಲ್ಲಿ ಒಬ್ಬರು ಐ.ಆರ್.ಸಿ.ಟಿ.ಸಿ., ಅಂದರೆ ಸರಕಾರದ್ದೇ ಕಂಪೆನಿ! ಕೊನೆಗೆ ಆ ಟೆಂಡರು ರದ್ದಾಯಿತು. ಆದಾಯದಲ್ಲಿ ಸರಕಾರಕ್ಕೆ ಪಾಲು ಕೊಡಬೇಕು, ಹಳಿಯ ಬಾಡಿಗೆ ಕಟ್ಟಬೇಕು ಎಂದೊಡನೆ ಸಾಹಸಿ ಬಂಡವಾಳಗಾರರು ಜಾಗ ಖಾಲಿ ಮಾಡಿದರು. ಕೆನೆ ಸಿಗುವುದಾದರೆ ಅವರು ಸಿದ್ಧ, ಕೊಟ್ಟಿಗೆಯ ಕೆಲಸ ಮಾತ್ರ ಬೇಡ.

ಅದಕ್ಕೂ ಮುಂಚೆ, 2019ರ ಅಕ್ಟೋಬರಿನಲ್ಲಿ, ಮಾದರಿಯೆಂದು ಲಖನೌ–ದಿಲ್ಲಿ ನಡುವೆ ತೇಜಸ್ ಬಂಡಿಯನ್ನು ಐ.ಆರ್.ಸಿ.ಟಿ.ಸಿ.ಯ ಕೈಗೆ ಕೊಟ್ಟಿದ್ದರು. ಒಂದು ಗಂಟೆಗಿಂತ ಹೆಚ್ಚು ತಡವಾದರೆ 100 ರೂಪಾಯಿ, ಎರಡು ಗಂಟೆಗಿಂತ ಹೆಚ್ಚಾದರೆ 250 ರೂಪಾಯಿ ಪರಿಹಾರವೆಂದು ಡಂಗುರ ಹೊಡೆದರು. ಒಳ್ಳೆಯದೇ. ಆದರೆ ದರವು ಗಿರಾಕಿಯ ನೂಕುನುಗ್ಗಲು ನೋಡಿ ಏರುವಂತಹದು, ರಿಯಾಯಿತಿ ಯಾರಿಗೂ ಇಲ್ಲ. ತಡಕ್ಕೆ ಪರಿಹಾರ ಕೊಡುವುದು ಅಷ್ಟು ನ್ಯಾಯವಾದರೆ ಪ್ಯಾಸೆಂಜರಿನಲ್ಲಿ ಕೂತು ಅರ್ಧ ದಿನದ ಸಂಬಳ ಕಳೆದುಕೊಳ್ಳುವ ಗೇರುಬೀಜ ಕಾರ್ಖಾನೆಯ ಹೆಂಗಸಿಗೆ ಏಕೆ ಕೊಡುವುದಿಲ್ಲ? ಅವಳ ಹೊತ್ತಿಗೆ ಬೆಲೆಯಿಲ್ಲವೇ?

ಹಳೆಯ ಕಂಪೆನಿಗಳ ಹಳೆಯ ಕತೆ

ಖಾಸಗಿ ರೈಲು ಎಂಬುದು ಹೊಸ ಆವಿಷ್ಕಾರವೆಂಬಂತೆ ಮಾತನಾಡುವವರಿಗೆ ಚರಿತ್ರೆಯ ಪರಿಚಯವಿಲ್ಲ. ಭಾರತದ ರೈಲುಗಳು ಆರಂಭವಾದದ್ದೇ ಕಂಪೆನಿಗಳಿಂದ. ಲಂಡನ್ನಿನ ಪಾಲುದಾರರಿಗೆ ನೂರಕ್ಕೆ 5ರಷ್ಟು ಲಾಭದ ಖಾತ್ರಿಯನ್ನು ಸರಕಾರವೇ ಕೊಟ್ಟಿತ್ತು. ಬಂಡಿ ಓಡಲಿ ಓಡದಿರಲಿ, ಪಾಲುದಾರನ ಮನೆಗೆ ಬಡ್ಡಿ ಹೋಗುತ್ತಿತ್ತು. ಕಡಿಮೆ ಬಿದ್ದುದನ್ನು ತುಂಬಿದವನು ಭಾರತದ ರೈತ. ಲಾಭ ಖಾಸಗಿ, ನಷ್ಟ ಸಾರ್ವಜನಿಕ: ಈ ಸೂತ್ರವನ್ನು ಇಂದಿನ ಮಂತ್ರಿಗಳು ಕಂಡುಹಿಡಿದದ್ದಲ್ಲ, ಲಂಡನ್ನಿನಿಂದ ಬಳುವಳಿಯಾಗಿ ಬಂದದ್ದು.

1907ರಲ್ಲಿ ಮಂಗಳೂರಿಗೆ ರೈಲು ಬಂದಾಗ ತಂದದ್ದು ಮದ್ರಾಸ್ ರೈಲ್ವೆ ಕಂಪೆನಿ. ಅದು ಮಲಬಾರಿನ ಕಡೆಯಿಂದ ಬಂದು ಮಂಗಳೂರಿನಲ್ಲಿ ನಿಂತುಬಿಟ್ಟಿತು. ಘಟ್ಟ ಹತ್ತಿ ಹಾಸನಕ್ಕೆ ಹೋಗಲಿಲ್ಲ, ಹೊಳೆ ದಾಟಿ ಉಡುಪಿಗೆ ಬರಲಿಲ್ಲ. ಆಚೆಯ ಮೈಸೂರು ಸೀಮೆಯ ಹಳಿ ಬೇರೆಯವರದು, ಅದರ ಅಗಲವೂ ಬೇರೆ. ಹತ್ತಾರು ಒಡೆಯರು, ಎರಡು ಮೂರು ಅಳತೆಯ ಹಳಿಗಳು. ಮಾಲನ್ನು ಒಂದು ಬಂಡಿಯಿಂದ ಇಳಿಸಿ ಇನ್ನೊಂದಕ್ಕೆ ಹೇರುವುದೇ ವ್ಯಾಪಾರಿಗಳ ಹಣೆಬರಹವಾಗಿತ್ತು. ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಪಾಲಘಾಟು ಸುತ್ತಬೇಕಿತ್ತು. ಆ ಕೊರತೆಯನ್ನು ನೀಗಿಸಿ ಮಂಗಳೂರು–ಹಾಸನ ಹಳಿ ಪೂರ್ತಿಯಾದದ್ದು 1979ರಲ್ಲಿ, ಅದೂ ಸರ್ವಜನರ ಹಣದಿಂದ.

ಈ ಕಂಪೆನಿಗಳ ಆಟ ಸಾಕೆಂದು 1921ರಷ್ಟು ಹಿಂದೆಯೇ ಆಕ್ವರ್ತ್ ಸಮಿತಿಯ ಅರ್ಧದಷ್ಟು ಸದಸ್ಯರು ಸಭಾಪತಿಯೊಡನೆ ಸೇರಿ ಸರಕಾರವೇ ರೈಲು ನಡೆಸಬೇಕೆಂದರು. ಅವರು ಸಮಾಜವಾದಿಗಳಾಗಿರಲಿಲ್ಲ, ಲೆಕ್ಕ ಬಲ್ಲವರಾಗಿದ್ದರು. 1944ರಲ್ಲಿ ಸೌತ್ ಇಂಡಿಯನ್ ಕಂಪೆನಿಯ ಕರಾರು ಮುಗಿಯಿತು. 1951ರ ಏಪ್ರಿಲ್ 14ರಂದು ಅದೂ, ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯೂ, ಮೈಸೂರು ರಾಜ್ಯದ ರೈಲ್ವೆಯೂ ಕೂಡಿ ದಕ್ಷಿಣ ರೈಲ್ವೆಯಾಯಿತು. ನೂರು ವರ್ಷದ ಪಾಠವನ್ನು ಕಲಿತು ಮಾಡಿದ ಕೆಲಸವನ್ನು ಈಗ ಬಿಚ್ಚಬೇಕೆನ್ನುವುದು ನೇಯ್ದ ಬಟ್ಟೆಯನ್ನು ಎಳೆ ಎಳೆಯಾಗಿ ಬಿಡಿಸಿದಂತೆ.

ಹೊರನಾಡುಗಳ ಸಾಕ್ಷಿ

ಪೈಪೋಟಿಯ ತವರೂರು ಇಂಗ್ಲೆಂಡು. ಅಲ್ಲಿ 1888ರಲ್ಲಿಯೂ 1895ರಲ್ಲಿಯೂ ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಪೂರ್ವ ದಾರಿಯ ಕಂಪೆನಿಗಳೂ ಪಶ್ಚಿಮ ದಾರಿಯ ಕಂಪೆನಿಗಳೂ ಹುಚ್ಚು ಕುದುರೆಗಳಂತೆ ಓಟ ಕಟ್ಟಿದವು. 1896ರಲ್ಲಿ ಪ್ರೆಸ್ಟನ್ನಿನ ತಿರುವಿನಲ್ಲಿ ಬಂಡಿ ಹಳಿ ತಪ್ಪಿದ ಮೇಲೆ ಜನರ ಎದೆ ನಡುಗಿ ಆ ಹುಚ್ಚು ಇಳಿಯಿತು. 1948ರಲ್ಲಿ ಅಲ್ಲಿನ ರೈಲುಗಳು ರಾಷ್ಟ್ರೀಕರಣವಾದವು. 1993ರ ಕಾನೂನಿನಿಂದ ಮತ್ತೆ ಅವನ್ನು ತುಂಡರಿಸಿ ಮಾರಿದರು: ಹಳಿ ಒಬ್ಬನಿಗೆ, ಬಂಡಿ ಇನ್ನೊಬ್ಬನಿಗೆ, ಓಡಿಸುವುದು ಮತ್ತೊಬ್ಬನಿಗೆ, ದುರಸ್ತಿ ಮಗದೊಬ್ಬ ಕಂತ್ರಾಟುದಾರನಿಗೆ.

2000ದ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡಿನಲ್ಲಿ ಬಿರುಕು ಬಿಟ್ಟ ಹಳಿ ಚೂರುಚೂರಾಗಿ ನಾಲ್ವರು ಸತ್ತರು. ಬಿರುಕು ಇದ್ದುದು ಗೊತ್ತಿತ್ತು. ಬದಲಿಸುವ ಹೊಣೆ ಯಾರದೆಂಬುದು ಕಂಪೆನಿಗಳ ನಡುವೆ ತೂಗಾಡುತ್ತಿತ್ತು. ಮರುವರ್ಷವೇ ಹಳಿಯ ಕಂಪೆನಿ ದಿವಾಳಿಯೆದ್ದಿತು. ಹಳಿ ಸಾರ್ವಜನಿಕರ ಕೈಗೆ ಮರಳಿತು. ಬಂಡಿ ಓಡಿಸುವ ಕಂಪೆನಿಗಳ ಸರದಿ ಈಗ ಬಂದಿದೆ: 2024ರಲ್ಲಿ ಅಲ್ಲಿನ ಪಾರ್ಲಿಮೆಂಟು ಕಾನೂನು ಮಾಡಿ, 2025ರ ಮೇ 25ರಂದು ಸೌತ್ ವೆಸ್ಟರ್ನ್ ಎಂಬ ಮೊದಲ ಕಂಪೆನಿಯನ್ನು ಸರಕಾರವು ವಹಿಸಿಕೊಂಡಿತು. ನಮ್ಮ ಹುಬ್ಬಳ್ಳಿಯ ರೈಲ್ವೆಯ ಹೆಸರೇ ಅದಕ್ಕೂ! ಗುರುಗಳು ಮದ್ದು ಉಗುಳುತ್ತಿರುವಾಗ ಶಿಷ್ಯರು ಅದೇ ಮದ್ದಿಗೆ ಬಾಯಿ ತೆರೆಯುತ್ತಿದ್ದಾರೆ.

ಜಪಾನಿನಲ್ಲಿ 1987ರಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಒಡೆದರು. ಒಸಾಕಾದ ಕಡೆ ಜೆ.ಆರ್. ವೆಸ್ಟ್ ಕಂಪೆನಿಗೂ ಪಕ್ಕದ ಖಾಸಗಿ ಮಾರ್ಗಕ್ಕೂ ನಿಮಿಷ ನಿಮಿಷದ ಪೈಪೋಟಿ. ವೇಳಾಪಟ್ಟಿಯನ್ನು ಹಿಂಡಿ ಹಿಂಡಿ ಬಿಡುವೆಂಬುದನ್ನೇ ಕಳೆದರು. ತಡಮಾಡಿದ ಚಾಲಕನಿಗೆ ಅವಮಾನದ ಶಿಕ್ಷೆ. 2005ರ ಏಪ್ರಿಲ್ 25ರಂದು ಅಮಗಸಾಕಿಯಲ್ಲಿ ಒಂದೂವರೆ ನಿಮಿಷದಷ್ಟು ತಡವನ್ನು ತುಂಬಿಕೊಳ್ಳಲು ಹೊರಟ ಇಪ್ಪತ್ತಮೂರರ ತರುಣ ಚಾಲಕನು ತಿರುವಿನಲ್ಲಿ ವೇಗ ತಗ್ಗಿಸಲಿಲ್ಲ. ಅವನೂ ಸೇರಿ 107 ಜನ ಸತ್ತರು. ಪೈಪೋಟಿಯ ಬೆಲೆಯನ್ನು ಟಿಕೇಟಿನ ಮೇಲೆ ಮುದ್ರಿಸುವುದಿಲ್ಲ.

ಇಟಲಿ, ಸ್ಪೇನುಗಳ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಬಹುದೆಂದು ಕೆಲವರು ಎಣಿಸಿದ್ದಾರೆ. ಇಟಲಿಯಲ್ಲಿ 2012ರಿಂದ ಇಟಾಲೋ ಎಂಬ ಖಾಸಗಿ ಬಂಡಿಯೂ, ಸ್ಪೇನಿನಲ್ಲಿ 2021ರಿಂದ ಊಯಿಗೋ, 2022ರಿಂದ ಇರಿಯೋ ಎಂಬ ಬಂಡಿಗಳೂ ಸರಕಾರದ ಬಂಡಿಗೆ ಎದುರಾಗಿ ಓಡುತ್ತಿವೆ, ದರ ಇಳಿದಿದೆ ಎನ್ನುತ್ತಾರೆ. ಹೌದು, ರೋಮ್–ಮಿಲಾನ್, ಮ್ಯಾಡ್ರಿಡ್–ಬಾರ್ಸಿಲೋನಾ ದಾರಿಗಳಲ್ಲಿ ದರ ಇಳಿದದ್ದು ನಿಜ. ನಿಜವನ್ನು ಮುಚ್ಚಿಡಬೇಕಾದ ಗರಜು ನಮಗಿಲ್ಲ. ಆದರೆ ಪೂರ್ತಿ ನಿಜವನ್ನು ಹೇಳಿರಿ. ಅಲ್ಲಿ ಪೈಪೋಟಿ ನಡೆದಿರುವುದು ಸರಕಾರವು ಅಪಾರ ಹಣ ಸುರಿದು ಮೊದಲೇ ಕಟ್ಟಿಟ್ಟ ಅತಿವೇಗದ ಜೋಡಿ ಹಳಿಗಳ ಮೇಲೆ. ಹಳಿಯಲ್ಲಿ ಜಾಗ ಖಾಲಿ ಬಿದ್ದಿತ್ತು, ಆದ್ದರಿಂದ ಬಂಡಿ ಹೆಚ್ಚಿತು, ದರ ಇಳಿಯಿತು. ಕಂಪೆನಿಗಳು ಹಳ್ಳಿಗಾಡಿನ ದಾರಿಗಳಿಗೆ ಕಾಲಿಡಲಿಲ್ಲ, ಆ ಹೊರೆ ಸರಕಾರದ ತಲೆಯ ಮೇಲೇ ಉಳಿಯಿತು. ಇನ್ನು ಊಯಿಗೋ ಯಾರದು? ಫ್ರಾನ್ಸಿನ ಸರಕಾರೀ ರೈಲ್ವೆಯದು. ಇರಿಯೋದಲ್ಲಿ ದೊಡ್ಡ ಪಾಲು ಯಾರದು? ಇಟಲಿಯ ಸರಕಾರೀ ರೈಲ್ವೆಯದು! ಖಾಸಗಿಯ ಗೆಲುವೆಂದು ತೋರಿಸುವ ಕುದುರೆಗಳ ಹಲ್ಲು ಹಿಡಿದು ನೋಡಿದರೆ ಅವೂ ಸರಕಾರದ ಲಾಯದವೇ. ಇಂಗ್ಲೆಂಡಿನಲ್ಲಿಯೂ ಜರ್ಮನಿ, ಹಾಲೆಂಡುಗಳ ಸರಕಾರೀ ರೈಲ್ವೆಗಳು ಬಹುಕಾಲ ಬಂಡಿ ಓಡಿಸಿ ಲಾಭವನ್ನು ತಮ್ಮ ದೇಶಕ್ಕೆ ಒಯ್ದವು.

ಅಲ್ಲಿಂದ ಕಲಿಯಬೇಕಾದ ಪಾಠವಿದ್ದರೆ ಇಷ್ಟೇ: ಮೊದಲು ಹಳಿ ಹೆಚ್ಚಿಸಿರಿ. ಹಳಿ ಹೆಚ್ಚಿದರೆ ಬಂಡಿ ಹೆಚ್ಚುತ್ತದೆ, ಬಂಡಿ ಹೆಚ್ಚಿದರೆ ಟಿಕೇಟು ಸಿಗುತ್ತದೆ. ಅದಕ್ಕೆ ಸೇಠನ ಅಪ್ಪಣೆ ಬೇಕಿಲ್ಲ.

“ನಮ್ಮ ಬಸ್ಸನ್ನು ನೋಡಿ” ಎನ್ನುವವರಿಗೆ

ಕರಾವಳಿಯವರ ಬಾಯಲ್ಲಿ ಇನ್ನೊಂದು ವಾದ ಸಿದ್ಧವಾಗಿರುತ್ತದೆ. ನಮ್ಮ ಜಿಲ್ಲೆಗಳನ್ನು ಬೆಳೆಸಿದ್ದೇ ಖಾಸಗಿ ಬಸ್ಸಲ್ಲವೇ? ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ ಎಂಬ ಹೆಸರುಗಳನ್ನು ಕೇಳುತ್ತ ಬೆಳೆದವರು ನಾವು. ಸರಕಾರ ಬಾರದ ದಾರಿಗೆ ಅವು ಬಂದವು, ಅದನ್ನು ಒಪ್ಪುತ್ತೇವೆ. ಕಂಡಕ್ಟರು ಮುದುಕಿಯ ಬುಟ್ಟಿಯನ್ನು ತಾನೇ ಎತ್ತಿ ಮೇಲಿಡುತ್ತಾನೆ, ಅದನ್ನೂ ಒಪ್ಪುತ್ತೇವೆ. ಆ ಒಳ್ಳೆಯತನ ದುಡಿಯುವ ಕಂಡಕ್ಟರನದು.

ಆದರೆ ರಸ್ತೆಯಲ್ಲಿ ಒಂದು ಬಸ್ಸು ಇನ್ನೊಂದನ್ನು ಹಿಂದಿಕ್ಕಬಹುದು, ಹಳಿಯ ಮೇಲೆ ಅದು ಆಗದು. ಅಷ್ಟಾದರೂ ಬಸ್ಸಿನ ಪೈಪೋಟಿ ನಮಗೆ ಏನು ತಂದಿತು? ಹೊತ್ತಿನ ಜಗಳ, ನಿಲ್ದಾಣ ನಿಲ್ದಾಣಕ್ಕೆ ಓಟ, ತಿರುವಿನಲ್ಲಿ ಅವಘಡ. ಕೊನೆಗೆ ಸಾರಿಗೆ ಪ್ರಾಧಿಕಾರವು ಪರ್ಮಿಟ್ಟನ್ನೂ ಹೊತ್ತನ್ನೂ ದರವನ್ನೂ ಗೊತ್ತುಪಡಿಸಬೇಕಾಯಿತು. ದರದ ಕಟ್ಟುಪಾಡು ಸಡಿಲವಿರುವ ಬೆಂಗಳೂರಿನ ರಾತ್ರಿ ಬಸ್ಸುಗಳಲ್ಲಿ ಏನಾಗುತ್ತದೆ? ದಸರೆ, ದೀಪಾವಳಿ, ಚೌತಿ ಬಂತೆಂದರೆ ದರವು ಒಂದಕ್ಕೆರಡು, ಎರಡಕ್ಕೆ ಮೂರಾಗುತ್ತದೆ. ಹತ್ತಾರು ಕಂಪೆನಿಗಳಿವೆ, ಪೈಪೋಟಿ ಇದೆ. ದರ ಮಾತ್ರ ಎಲ್ಲರದೂ ಒಟ್ಟಿಗೇ ಏರುತ್ತದೆ. ಪ್ರತಿ ವರ್ಷ ಸರಕಾರದ ಎಚ್ಚರಿಕೆ ಬರುತ್ತದೆ, ಪ್ರತಿ ವರ್ಷ ಟಿಕೇಟಿನ ಹಣ ಹೋಗುತ್ತದೆ.

2023ರ ಜೂನ್ 11ರಂದು ರಾಜ್ಯದಲ್ಲಿ ಹೆಂಗಸರಿಗೆ ಸರಕಾರೀ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಮೈಸೂರು, ಹಾಸನಗಳ ಕೂಲಿ ಹೆಂಗಸು ಅಂದೇ ಅದರ ಫಲ ಉಂಡಳು. ನಮ್ಮ ಕಾರ್ಕಳ, ಕಾಪುಗಳ ಒಳದಾರಿಯಲ್ಲಿ ಬೀಡಿ ಕಟ್ಟುವ, ಬೀಜ ಸುಲಿಯುವ ಹೆಂಗಸು ಎಂದಿನಂತೆ ಚಿಲ್ಲರೆ ಎಣಿಸಿ ಕೊಟ್ಟಳು. ಏಕೆಂದರೆ ಆ ದಾರಿಯಲ್ಲಿ ಸರಕಾರೀ ಬಸ್ಸೇ ವಿರಳ. ಚಕ್ರ ಯಾರ ಕೈಯಲ್ಲಿದೆಯೋ ಹಕ್ಕೂ ಅವರ ಕೈಯಲ್ಲಿ. ವಿಧಾನಸಭೆಯಲ್ಲಿ ಕೊಟ್ಟ ಹಕ್ಕು ನಮ್ಮ ಊರಿನ ತಿರುವಿನಲ್ಲಿ ಇಳಿದುಹೋಯಿತು. ರೈಲಿಗೂ ಈ ಗತಿ ಬರಬೇಕೇ?

2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಬೆಂಗಳೂರಿನ ರೈಲುದಾರಿ ಮುಚ್ಚಿತು. ಸುರಿಯುವ ಮಳೆಯಲ್ಲಿ ರಾತ್ರಿ ಹಗಲೆನ್ನದೆ ಕಲ್ಲು ಮೂಟೆ ಹೊತ್ತು ಹಳಿಯನ್ನು ನಿಲ್ಲಿಸಿದವರು ರೈಲ್ವೆಯ ಕೆಲಸಗಾರರು. 1ಕ್ಕೆ 50ರ ಏರಿನ, 57 ಸುರಂಗಗಳ ಆ ಘಟ್ಟವನ್ನು ಕಾಯುವ ಖರ್ಚನ್ನು ಯಾವ ಬಂಡಿ ಕಂಪೆನಿಯ ಖಾತೆಗೆ ಬರೆಯುತ್ತೀರಿ? ಅಂತಹ ದಿನ ಕಂಪೆನಿಯು ಬಂಡಿ ರದ್ದಾಯಿತೆಂದು ಮೊಬೈಲಿಗೆ ಸಂದೇಶ ಕಳುಹಿಸಿ ಮಲಗುತ್ತದೆ.

ಸರಕಾರವೂ ಧನಿಯಾದರೆ

ಇಷ್ಟು ಹೇಳಿ ಇಂದಿನ ರೈಲ್ವೆಯ ಆಡಳಿತಕ್ಕೆ ಹಾರ ಹಾಕುತ್ತೇವೆಂದು ಯಾರೂ ತಿಳಿಯಬಾರದು. ಖಾಸಗಿಯವರು ಬಾರದಿದ್ದರೇನು, ಸರಕಾರವೇ ಖಾಸಗಿ ಧನಿಯ ಬುದ್ಧಿ ಕಲಿಯುತ್ತಿದೆ. ಕೊರೋನಾದ ಹೆಸರಿನಲ್ಲಿ ಪ್ಯಾಸೆಂಜರುಗಳಿಗೆ ಎಕ್ಸ್‌ಪ್ರೆಸ್ಸೆಂಬ ನಾಮ ಬಳಿದು 10 ರೂಪಾಯಿಯ ಕನಿಷ್ಠ ದರವನ್ನು 30 ಮಾಡಿದರು. ಅದು ಮತ್ತೆ ಇಳಿದದ್ದು 2024ರ ಫೆಬ್ರವರಿಯಲ್ಲಿ, ಚುನಾವಣೆ ಹೊಸ್ತಿಲಿಗೆ ಬಂದಾಗ. 2020ರ ಮಾರ್ಚಿಯಲ್ಲಿ ಮುದುಕರ ರಿಯಾಯಿತಿಯನ್ನು ಕಿತ್ತುಕೊಂಡರು. 2023ರ ಕೊನೆಯಲ್ಲಿ ಮಂಗಳೂರು–ಮಡಗಾಂವ್ ನಡುವೆ ವಂದೇ ಭಾರತವನ್ನು ಹೂಮಾಲೆ ಹಾಕಿ ಓಡಿಸಿದರು. ನಡುವೆ ನಿಂತದ್ದು ಉಡುಪಿ, ಕಾರವಾರಗಳಲ್ಲಿ ಮಾತ್ರ. ಕಚೇರಿ, ಕಾರ್ಖಾನೆಗಳ ಹೊತ್ತಿಗೆ ಓಡುವ ಒಂದು ಪ್ಯಾಸೆಂಜರನ್ನು ಕೇಳಿದರೆ ಹಳಿಯಲ್ಲಿ ಜಾಗವಿಲ್ಲ ಎನ್ನುತ್ತಾರೆ!

ಹಲವು ಒಡೆಯರ ಕಷ್ಟವನ್ನು ಕಾಣಲು ಲಂಡನ್ನಿಗೆ ಹೋಗಬೇಕಿಲ್ಲ, ಮಂಗಳೂರಿಗೆ ಹೋದರೆ ಸಾಕು. ಅಲ್ಲಿನ ಸೆಂಟ್ರಲ್ ನಿಲ್ದಾಣ ಪಾಲಕ್ಕಾಡಿನ ಅಧೀನ, ಘಟ್ಟದ ದಾರಿ ಮೈಸೂರು ವಿಭಾಗದ ಅಧೀನ, ತೋಕೂರಿನ ಆಚೆ ಕೊಂಕಣ ನಿಗಮದ ಅಧೀನ. ಮೂವರೂ ಸರಕಾರದವರೇ, ಆದರೂ ಮೂರು ಖಾತೆ, ಮೂರು ಮೋರೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ರಾತ್ರಿ ಬಂಡಿ ಮಂಗಳೂರಿನೊಳಗೆ ಹೊಕ್ಕು ದಿಕ್ಕು ಬದಲಿಸಿ ಹೊರಬರುವ ಕಾಲಹರಣವನ್ನು ತಪ್ಪಿಸಿ, ಪಡೀಲಿನಿಂದಲೇ ನೇರ ಹೋಗುವಂತೆ ಮಾಡಲು ಕುಂದಾಪುರ, ಉಡುಪಿಗಳ ಪ್ರಯಾಣಿಕರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು. 2020ರ ಮಾರ್ಚಿಯಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ಸು ಬಂದ ಮೇಲೆಯೇ ಅದು ಆದದ್ದು. ಒಂದೇ ಸರಕಾರದ ಮೂರು ಮನೆಗಳಲ್ಲಿ ಹೀಗಾದರೆ, ಲಾಭಕ್ಕೆ ಹೊಡೆದಾಡುವ ಆರು ಕಂಪೆನಿಗಳ ನಡುವೆ ನಮ್ಮ ಅರ್ಜಿ ಯಾವ ಬಾಗಿಲಲ್ಲಿ ಬಿದ್ದಿರಬೇಕು?

ಆದುದರಿಂದಲೇ ಕೊಂಕಣ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನಗೊಳಿಸಬೇಕೆಂಬ ಬೇಡಿಕೆ ಪಕ್ಷಾತೀತವಾಗಿ ಎದ್ದಿದೆ. ಕರ್ನಾಟಕ, ಗೋವಾ, ಕೇರಳಗಳು ಒಪ್ಪಿದ ಮೇಲೆ ಮಹಾರಾಷ್ಟ್ರವೂ 2025ರ ಮೇ ತಿಂಗಳಲ್ಲಿ ಒಪ್ಪಿತು. ಜೋಡಿ ಹಳಿ ಹಾಕಲು ಬೇಕಾದ ಹಣ ಸಣ್ಣ ನಿಗಮದ ಚೀಲದಲ್ಲಿಲ್ಲ, ದೇಶದ ಖಜಾನೆಯಲ್ಲಿದೆ. ವಿಲೀನದ ಅರ್ಥವೇ ಇದು. ಪೈಪೋಟಿಯವರು ಒಡೆಯಿರಿ ಎನ್ನುತ್ತಾರೆ, ಕರಾವಳಿಯ ಅನುಭವ ಕೂಡಿಸಿರಿ ಎನ್ನುತ್ತದೆ.

ನಾವು ಕೇಳುವುದು

ವಾದ ಸಾಕು, ಬೇಡಿಕೆಗೆ ಬರೋಣ.

ಒಂದು: ಕೊಂಕಣ ರೈಲ್ವೆಯ ವಿಲೀನವನ್ನು ಕಾಗದದಿಂದ ಹಳಿಗಿಳಿಸಬೇಕು. ಓಡದ ದೂರಕ್ಕೆ ದರ ತೆಗೆದುಕೊಳ್ಳುವ ಪದ್ಧತಿ ಅದರೊಡನೆ ಕೊನೆಗಾಣಬೇಕು.

ಎರಡು: ತೋಕೂರಿನಿಂದ ಉಡುಪಿ, ಕುಂದಾಪುರಗಳ ಮೂಲಕ ಕಾರವಾರದವರೆಗೆ ಜೋಡಿ ಹಳಿಯ ಕೆಲಸಕ್ಕೆ ಹಣ ಕೊಡಬೇಕು.

ಮೂರು: ದೂರದ ಪ್ರತಿಯೊಂದು ಬಂಡಿಯಲ್ಲಿಯೂ ಸಾಮಾನ್ಯ ಮತ್ತು ಸ್ಲೀಪರು ಡಬ್ಬಿಗಳನ್ನು ಹೆಚ್ಚಿಸಬೇಕು, ಹಬ್ಬಗಳಲ್ಲಿ ಎಂದಿನ ದರಕ್ಕೇ ಹೆಚ್ಚಿನ ಬಂಡಿಗಳನ್ನು ಓಡಿಸಬೇಕು. ಮುದುಕರ ರಿಯಾಯಿತಿ ಪೂರ್ತಿಯಾಗಿ ನಡೆಯಬೇಕು.

ನಾಲ್ಕು: ಮಲ್ಲಿಗೆ, ಮೀನು, ತರಕಾರಿ, ಗೇರುಬೀಜಗಳ ಸಣ್ಣ ವ್ಯಾಪಾರಿಗಳಿಗೆ ಪಾರ್ಸೆಲು ಡಬ್ಬಿಯಲ್ಲಿ ಜಾಗ ಮೀಸಲಿರಬೇಕು. ಡಬ್ಬಿಯನ್ನೇ ಗುತ್ತಿಗೆ ಹಿಡಿದು ನಮಗೆ ಮರುಮಾರುವ ದಲ್ಲಾಳಿ ನಡುವೆ ಇರಬಾರದು.

ಐದು: ಕಾರ್ಕಳ, ನಿಟ್ಟೆ, ಬೆಳ್ಮಣ್ಣುಗಳಿಂದ ಪಡುಬಿದ್ರಿ, ಉಡುಪಿ ನಿಲ್ದಾಣಗಳಿಗೆ ರೈಲಿನ ಹೊತ್ತಿಗೆ ಹೊಂದಿಸಿದ ಸರಕಾರೀ ಬಸ್ಸುಗಳು ಬೇಕು. ಹೆಂಗಸರ ಹಕ್ಕು ಆ ಬಸ್ಸು ಹತ್ತಿಯೇ ನಮ್ಮ ಊರಿಗೆ ಬರಬೇಕು.

ಇವುಗಳಲ್ಲಿ ಯಾವೊಂದಕ್ಕಾದರೂ ಖಾಸಗಿ ಕಂಪೆನಿ ಬೇಕೇ? ಬೇಡ. ಬೇಕಾದದ್ದು ಹಳಿ, ಡಬ್ಬಿ, ಸಿಬ್ಬಂದಿ ಮತ್ತು ಜನರ ಹಣವನ್ನು ಜನರಿಗಾಗಿ ಖರ್ಚುಮಾಡುವ ಮನಸ್ಸು. ಮೊದಲ ಮೂರನ್ನು ಕಾರ್ಮಿಕರು ಒದಗಿಸಬಲ್ಲರು. ನಾಲ್ಕನೆಯದು ತಾನಾಗಿ ಹುಟ್ಟುವುದಿಲ್ಲ, ಸಂಘಟನೆಯ ಒತ್ತಡದಿಂದ ಹುಟ್ಟಬೇಕು.

ಗಿರಣಿಯ ಕೆಲಸಗಾರನೂ ಗೂಡಂಗಡಿಯ ಯಜಮಾನನೂ ಒಂದೇ ಸಾಮಾನ್ಯ ಡಬ್ಬಿಯ ಬಾಗಿಲಲ್ಲಿ ಜೋತುಬೀಳುವವರು. ಒಬ್ಬನಿಗೆ ಸಂಬಳ ಹೋಗುತ್ತದೆ, ಒಬ್ಬನಿಗೆ ಸರಕು ಕೆಡುತ್ತದೆ. ಇಬ್ಬರ ಬೇಡಿಕೆಯೂ ಒಂದೇ. ಮುಂದಿನ ಸಲ ಯಾರಾದರೂ ಮತ ಕೇಳಲು ಬಂದು ಪೈಪೋಟಿಯ ಮಾತೆತ್ತಿದರೆ, ಆ 60 ನಿಮಿಷದ ಷರತ್ತಿನ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿರಿ. ಜೋಡಿ ಹಳಿ ಯಾವಾಗ ಎಂದು ಕೇಳಿರಿ. ಉತ್ತರ ಬರುವವರೆಗೆ ಬಾಗಿಲಿನಿಂದ ಕದಲಲು ಬಿಡಬೇಡಿರಿ.